ಎರಡು ಜಾಹೀರಾತು ಆಫರ್ ಬಂದಿವೆ: ದೊಡ್ಡ ಬ್ರ್ಯಾಂಡಾ, ಜಾಸ್ತಿ ದುಡ್ಡಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ನಿಮ್ಮ ಬಗ್ಗೆ ಅಲ್ಲ, ನನ್ನನ್ನೇ ನೆನೆದು. ಒಂದು ಕಡೆ ಹೆಸರಿರುವ ಬ್ರ್ಯಾಂಡ್, ದುಡ್ಡು ಕಡಿಮೆ. ಇನ್ನೊಂದು ಕಡೆ ಹೊಸ ಕಂಪನಿ, ದುಡ್ಡು ಜಾಸ್ತಿ. ನನಗೂ ಮೊದಲ ಸಲ ಹೀಗೇ ಎರಡು ಬಂದಿದ್ದವು. ಜಾಸ್ತಿ ದುಡ್ಡಿನದನ್ನು ಹಿಡಿದೆ, ಕೆಟ್ಟೆ. ಆದರೆ ಕೆಟ್ಟದ್ದು ದುಡ್ಡಿನಿಂದ ಅಲ್ಲ. ಇನ್ನೊಂದನ್ನು ಹಿಡಿದಿದ್ದರೂ ಕೆಡುತ್ತಿದ್ದೆ, ಯಾಕೆಂದರೆ ಅದರ ಅಗ್ರಿಮೆಂಟನ್ನೂ ನಾನು ಓದುತ್ತಿರಲಿಲ್ಲ.

ನಾನು ಹಿಡಿದದ್ದು ಕೂದಲೆಣ್ಣೆ ಜಾಹೀರಾತು. ಆಗ ಸೀರಿಯಲ್ ಒಂದರಲ್ಲಿ ತಂಗಿಯ ಪಾತ್ರ ಮಾಡುತ್ತಿದ್ದೆ, ಸೊಂಟದವರೆಗೆ ಜಡೆ. ಅಗ್ರಿಮೆಂಟ್ ನೇರ ಮೇಕಪ್ ರೂಮಿಗೇ ಬಂತು. ಒಂದು ಕಣ್ಣಿಗೆ ಕಾಡಿಗೆ ಆಗಿತ್ತು, ಇನ್ನೊಂದು ಬಾಕಿ. ಕೋ-ಆರ್ಡಿನೇಟರ್ 14 ಪುಟ ತಂದು ಮುಂದಿಟ್ಟು, "ಸ್ಟ್ಯಾಂಡರ್ಡ್ ಅಗ್ರಿಮೆಂಟ್ ಮೇಡಂ, ಎಲ್ರೂ ಇದಕ್ಕೇ ಸೈನ್ ಮಾಡೋದು. ಇವತ್ತೇ ಬೇಕಂತೆ" ಅಂದರು. ನಾನು ದುಡ್ಡಿನ ಪುಟ ಹುಡುಕಿ, ಸೊನ್ನೆ ಎಣಿಸಿ, ಎಲ್ಲ ಪುಟದ ಮೂಲೆಗೂ ಸಹಿ ಗೀಚಿದೆ.

ತಪ್ಪು ಎಲ್ಲಿತ್ತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾಗಬೇಡಿ. 3ನೇ ಪುಟದಲ್ಲಿ, ಅವಧಿ "ಮೊದಲ ಪ್ರಸಾರದ ದಿನದಿಂದ 12 ತಿಂಗಳು" ಅಂತ ಇತ್ತು. ಬಾಯಲ್ಲಿ "ಒಂದು ವರ್ಷ" ಅಂದಿದ್ದರಲ್ಲ, ಅದು ಇದೇ. 9ನೇ ಪುಟದಲ್ಲಿ, ನಾನು ಕೂದಲಿಗೆ ಸಂಬಂಧಪಟ್ಟ ಬೇರೆ ಯಾವ ಕಂಪನಿಗೂ ಮುಖ ಕೊಡಬಾರದು, ಅನುಮತಿ ಇಲ್ಲದೆ ಕೂದಲು ಕತ್ತರಿಸಬಾರದು, ಬಣ್ಣ ಹಚ್ಚಬಾರದು, "ಸಹಿಯ ದಿನದಿಂದ ಅವಧಿ ಮುಗಿಯುವವರೆಗೆ" ಅಂತ ಇತ್ತು. ಒಂದೊಂದನ್ನೇ ಓದಿದರೆ ಎರಡೂ ಸರಿಯಾಗೇ ಕಾಣುತ್ತವೆ. ಅಕ್ಕಪಕ್ಕ ಇಟ್ಟು ನೋಡಿ. ನನ್ನ ಕೈಕಟ್ಟುವುದು ಸಹಿ ಹಾಕಿದ ದಿನ. ವರ್ಷದ ಲೆಕ್ಕ ಶುರುವಾಗುವುದು ಜಾಹೀರಾತು ಟಿವಿಗೆ ಬಂದ ದಿನ. ನಡುವಿನ ದಿನಗಳಿಗೆ ದುಡ್ಡಿಲ್ಲ, ಕೊನೆಯೂ ಇಲ್ಲ.

ಶೂಟಿಂಗ್ ಮೂರು ವಾರದಲ್ಲಿ ಮುಗಿಯಿತು. ಆಮೇಲೆ ಬಾಟಲಿ ಬದಲಾಯಿಸುತ್ತಿದ್ದೇವೆ ಅಂದರು. ಆಮೇಲೆ ಲೇಬಲ್. ಫೋನ್ ಮಾಡಿದಾಗಲೆಲ್ಲ "ಮುಂದಿನ ತಿಂಗಳು ಮೇಡಂ". ಜಾಹೀರಾತು ಬಂದದ್ದು ಸಹಿ ಹಾಕಿ 16 ತಿಂಗಳಾದ ಮೇಲೆ. ಅದರ ಮೇಲೆ 12 ಸೇರಿಸಿ. ಒಂದು ವರ್ಷದ ದುಡ್ಡಿಗೆ 28 ತಿಂಗಳು. ಬ್ಯಾಲೆನ್ಸ್ ಅರ್ಧವೂ "ಮೊದಲ ಪ್ರಸಾರದ ನಂತರ" ಅಂತಿತ್ತು, ಹಾಗಾಗಿ ಅದಕ್ಕೂ 16 ತಿಂಗಳು ಕಾದೆ.

10ನೇ ತಿಂಗಳಲ್ಲಿ ಒಂದು ಸಿನಿಮಾ ಬಂತು. ಪೊಲೀಸ್ ಟ್ರೈನಿಯ ಪಾತ್ರ, ಬಾಯ್ ಕಟ್ ಬೇಕು. ಅನುಮತಿ ಕೇಳಿ ಮೇಲ್ ಹಾಕಿದೆ. ಒಂದೇ ಸಾಲಿನ ಉತ್ತರ: 9ನೇ ಪುಟ ನೋಡಿ. ವಿಗ್ ಹಾಕಿಕೊಳ್ಳುತ್ತೇನೆ ಅಂದರೆ ಡೈರೆಕ್ಟರ್ ಒಪ್ಪಲಿಲ್ಲ. ಆಗ ಓಡಿದೆ ಲಾಯರ್ ಹತ್ತಿರ. ಅವರು 3ನೇ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದರು: "ಅಥವಾ ಸಹಿಯ ದಿನದಿಂದ 15 ತಿಂಗಳು, ಯಾವುದು ಮೊದಲೋ ಅದು". ಇಷ್ಟಿದ್ದಿದ್ದರೆ ಪ್ರಸಾರ ಎಷ್ಟು ತಡವಾದರೂ 15 ತಿಂಗಳಿಗೆ ಬಿಡುಗಡೆಯಂತೆ. ಸಹಿಗೆ ಮುಂಚೆ ಸುಮ್ನೆ ಕೇಳಿದ್ದರೂ ಸಿಗುತ್ತಿತ್ತೋ ಏನೋ. ಈಗಲೂ ಹೊಟ್ಟೆ ಉರಿಯುವುದು ಅದಕ್ಕೇ.

ಅಮೆರಿಕದ ನಟರ ಸಂಘ ಸ್ಯಾಗ್-ಆಫ್ಟ್ರಾದ ಜಾಹೀರಾತು ಒಪ್ಪಂದದಲ್ಲಿ ಇದಕ್ಕೊಂದು ಮದ್ದಿದೆ ಅಂತ ಆಮೇಲೆ ತಿಳಿಯಿತು. ಜಾಹೀರಾತು ಪ್ರಸಾರ ಮಾಡದೆ ಇಟ್ಟುಕೊಂಡರೂ 13 ವಾರಕ್ಕೊಮ್ಮೆ ನಟರಿಗೆ ಹೋಲ್ಡಿಂಗ್ ಫೀ ಕೊಡಬೇಕು. ಕಾಯಿಸುವುದಕ್ಕೂ ಬಾಡಿಗೆ! ನಮಗೆ ಅದು ತಾನಾಗಿ ಸಿಗುವುದಿಲ್ಲ, ಬರೆಸಿಕೊಳ್ಳಬೇಕು.

ಹಾಗಾಗಿ ದೊಡ್ಡ ಬ್ರ್ಯಾಂಡಾ, ದುಡ್ಡಾ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೈಕಟ್ಟುವ ದಿನ, ಬಿಡುವ ದಿನ, ಎರಡನ್ನೂ ಕ್ಯಾಲೆಂಡರಿನ ತಾರೀಕಾಗಿ ಯಾರು ಬರೆದುಕೊಡುತ್ತಾರೋ ಅವರಿಗೆ ಹೂಂ ಅನ್ನಿ. ಏನೇನು ಮಾಡಬಾರದು ಅನ್ನುವುದನ್ನೂ ಹೆಸರಿಟ್ಟು ಬರೆಸಿ. "ಕೂದಲೆಣ್ಣೆ" ಅಂದರೆ ಕೂದಲೆಣ್ಣೆ. "ಪರ್ಸನಲ್ ಕೇರ್" ಅಂದರೆ ಸೋಪು, ಪೇಸ್ಟು, ಕ್ರೀಮು ಎಲ್ಲ ಅದರೊಳಗೆ ಹೋಯಿತು. ಜಾಹೀರಾತಿನಲ್ಲಿ ಮಾತ್ರವಾ, ಹೊರಗೆ ಬಳಸುವುದಕ್ಕೂ ತಡೆಯಾ ಅಂತ ಕೇಳಿ. ನಟಿ ಶಾರ್ಲೀಸ್ ಥೆರಾನ್ ರೇಮಂಡ್ ವೇಲ್ ವಾಚಿಗೆ ಒಪ್ಪಿಕೊಂಡಿದ್ದಾಗ, 2006ರಲ್ಲಿ ಒಂದು ಚಿತ್ರೋತ್ಸವಕ್ಕೆ ಡಿಯೋರ್ ವಾಚ್ ಕಟ್ಟಿಕೊಂಡು ಹೋಗಿದ್ದರು. ಅದೂ ಸೇರಿ ಮರುವರ್ಷ ಕೇಸು. 2008ರಲ್ಲಿ ಕೋರ್ಟು ಕರಾರು ಮುರಿದದ್ದು ಹೌದು ಅಂತ ಹೇಳಿತು. ಅಷ್ಟು ದೊಡ್ಡವರಿಗೇ ಹೀಗೆ.

ನಿಮ್ಮ ಹೊಸ ಕಂಪನಿ "21 ದಿನದಲ್ಲಿ ಫಲಿತಾಂಶ" ಅಂತ ನಿಮ್ಮ ಬಾಯಲ್ಲಿ ಹೇಳಿಸುತ್ತದಂತೆ. ಟೆಸ್ಟ್ ರಿಪೋರ್ಟ್ ಕೊಡಿ ಅನ್ನಿ, ಕೊಡದಿದ್ದರೆ ಆ ಸಾಲು ಹೇಳಬೇಡಿ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತು ಮಾಡಿದ ನಟರಿಗೂ ಮೊದಲ ಸಲಕ್ಕೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಒಂದು ವರ್ಷದವರೆಗೆ ಯಾವ ಜಾಹೀರಾತಿನಲ್ಲೂ ಬರದಂತೆ ತಡೆಯಬಹುದು. ಮಾತು ನಿಜವಾ ಅಂತ ಸರಿಯಾಗಿ ವಿಚಾರಿಸಿದ್ದೆ ಅಂತ ತೋರಿಸಿದರೆ ಬಚಾವ್. ಆ ರಿಪೋರ್ಟ್ ನಿಮ್ಮ ಹತ್ತಿರ ಇರಲಿ.

ಮ್ಯಾನೇಜರ್ ಓದಿದ್ದಾರೆ ಅಂತೀರಿ. ಅವರ ಕಮಿಷನ್ ಬರುವುದು ನೀವು ಸಹಿ ಹಾಕಿದರೆ ಅಲ್ವಾ? ಬೇರೆ ಲಾಯರ್ ನೋಡಲಿ.

ಶುಕ್ರವಾರದೊಳಗೆ ಸಹಿ ಬೇಕಂತೆ ಅಂತ ಬರೆದಿದ್ದೀರಿ. ಸೋಮವಾರ ಕೊಡುತ್ತೇನೆ ಅನ್ನಿ. ನನಗೂ "ಇವತ್ತೇ ಬೇಕು" ಅಂದಿದ್ದರು. ಆಮೇಲಿನ 16 ತಿಂಗಳಲ್ಲಿ ಅವರಿಗೆ ಒಂದು ದಿನವೂ ಅವಸರ ಇರಲಿಲ್ಲ.