‘ಸೆಕ್ಸ್ಟಿಂಗ್’ ಎಂದರೇನು?

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಕಾಲೇಜಿನ ಪೋಷಕರ ಸಭೆಯಲ್ಲಿ ‘ಸೆಕ್ಸ್ಟಿಂಗ್’ ಎಂಬ ಪದ ಬಂತು. ಅರ್ಥ ಕೇಳಲು ನಾಚಿಕೆಯಾಯಿತು. ನಮ್ಮ ಓಣಿಯ ಹದಿನಾರರ ಹುಡುಗಿಯೊಬ್ಬಳ ಫೋಟೊ ಹರಿದಾಡಿದ್ದಕ್ಕೂ ಇದೇ ಹೆಸರು ಹೇಳಿ ಎಲ್ಲರೂ ಅವಳನ್ನೇ ಬೈಯುತ್ತಿದ್ದಾರೆ. ಇದು ಸರಿಯೇ?
– ಒಬ್ಬ ತಾಯಿ, ಸಿಂಧನೂರು

ಉತ್ತರ: ತಂಗಿ, ಸೆಕ್ಸ್ ಮತ್ತು ಟೆಕ್ಸ್ಟಿಂಗ್ (ಮೊಬೈಲಿನಲ್ಲಿ ಅಕ್ಷರದ ಸಂದೇಶ ಕಳುಹಿಸುವುದು) ಎಂಬ ಎರಡು ಇಂಗ್ಲಿಷ್ ಪದಗಳನ್ನು ಬೆಸೆದು ಮಾಡಿದ ಪದವಿದು. ಕಾಮದ ಮಾತು, ಬೆತ್ತಲೆ ಚಿತ್ರ, ವಿಡಿಯೊಗಳನ್ನು ಮೊಬೈಲಿನಲ್ಲಿ ಕಳುಹಿಸುವುದಕ್ಕೆ ಹೀಗೆನ್ನುತ್ತಾರೆ. ಮೊದಲ ಎಸ್‌ಎಂಎಸ್ ಹೋದದ್ದು 1992ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನಲ್ಲಿ. ಅದರಲ್ಲಿದ್ದದ್ದು ಕ್ರಿಸ್‌ಮಸ್ ಶುಭಾಶಯ. 2005ರ ಹೊತ್ತಿಗೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಸೆಕ್ಸ್ಟಿಂಗ್ ಕಾಣಿಸಿಕೊಂಡಿತ್ತು. 2012ರಲ್ಲಿ ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟಿಗೂ ಸೇರಿತು. ಹೆಸರಿನಲ್ಲಿರುವುದು ಅಕ್ಷರದ ಸಂದೇಶವೇ ಆದರೂ ಫೋನಿಗೆ ಕ್ಯಾಮೆರಾ ಬಂದ ಮೇಲೆ ಚಿತ್ರಕ್ಕೂ ಅದೇ ಅಂಟಿಕೊಂಡಿತು.

ರಾಯಚೂರಿನಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳಿದವಳು ನಾನು. ಈ ಪದವನ್ನು ಕಂಡಕಂಡದ್ದಕ್ಕೆಲ್ಲ ಹಚ್ಚುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ವಯಸ್ಕರಿಬ್ಬರು ಮನಸ್ಸೊಪ್ಪಿ ಬರೆದುಕೊಂಡರೆ ಅದು ಅವರ ಖಾಸಗಿ ವಿಷಯ. ಬೇಡವೆಂದರೂ ಅಶ್ಲೀಲ ಚಿತ್ರ ಕಳುಹಿಸುವುದು ಕಿರುಕುಳ. ನಂಬಿ ಕೊಟ್ಟ ಚಿತ್ರವನ್ನು ಗೆಳೆಯರ ಗುಂಪಿಗೆ ಹಾಕುವುದು ದ್ರೋಹ, ಅಪರಾಧ. ಮೂರಕ್ಕೂ ಒಂದೇ ಹೆಸರಿಟ್ಟರೆ ಹಂಚಿದವನು ಮರೆಯಾಗುತ್ತಾನೆ, ನಂಬಿದವಳು ಬಯಲಿಗೆ ಬೀಳುತ್ತಾಳೆ. ನಿಮ್ಮ ಓಣಿಯಲ್ಲಿ ಆಗಿರುವುದು ಅದೇ.

ಕಾನೂನಿಗೆ ಇಲ್ಲಿ ಗೊಂದಲವಿಲ್ಲ. ಒಬ್ಬರ ಗುಪ್ತಾಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆದರೂ ಹಂಚಿದರೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ ಮೂರು ವರ್ಷದವರೆಗೆ ಜೈಲು. ಚಿತ್ರದಲ್ಲಿರುವವರು ಹದಿನೆಂಟು ದಾಟದ ಮಕ್ಕಳಾಗಿದ್ದರೆ 67ಬಿ ಕಲಮಿನಡಿ ಮೊದಲ ಬಾರಿಗೇ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷ ರೂಪಾಯಿಯವರೆಗೆ ದಂಡ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯೂ ಅನ್ವಯಿಸುತ್ತದೆ. ‘ಅವಳೇ ಕಳುಹಿಸಿದ್ದಳು’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ‘ನೋಡು, ಏನಾಗಿದೆ’ ಎಂದು ಅದೇ ಚಿತ್ರವನ್ನು ಅಕ್ಕಪಕ್ಕದವರಿಗೆ ಕಳುಹಿಸಿದ ಹಿರಿಯರೂ ಇದೇ ಕಲಮಿಗೆ ಸಿಕ್ಕಿಕೊಳ್ಳುತ್ತಾರೆ.

ಆ ಹುಡುಗಿಯ ಮನೆಗೆ ಹೋಗಿ, ತಾಯಿಯೊಂದಿಗೆ ಕೂತು ಮಾತನಾಡಿ. ಬಂದ ಸಂದೇಶಗಳನ್ನು ಅಳಿಸದೆ ಫೋನನ್ನು ಪೊಲೀಸರಿಗೆ ತೋರಿಸಲಿ. ಚಿತ್ರವನ್ನು ಮಾತ್ರ ಸಾಕ್ಷಿಗೆಂದು ಕೂಡ ಬೇರೆಯವರಿಗೆ ಕಳುಹಿಸುವುದು ಬೇಡ. ಠಾಣೆಗೆ ಹೋಗಲು ಹೆದರಿಕೆಯಾದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿಯೂ ಇದೆ. ನಿಮ್ಮ ಮಗಳಿಗೂ ಇದನ್ನೆಲ್ಲ ಹೇಳಿ. ಅವಳ ಫೋನು ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ನಾಳೆ ಯಾರಾದರೂ ಹೆದರಿಸಿದಾಗ ಅವಳು ನಿಮ್ಮ ಬಳಿ ಬರುವುದಿಲ್ಲ.