ಹನ್ನೆರಡು ಜನರ ಏಜೆನ್ಸಿ, ಮೂರು ಥರದ ಮಾತು

ಪ್ರಶ್ನೆ: ಮೇಡಂ, ಒಂದು ಚಿಕ್ಕ ಮಾರ್ಕೆಟಿಂಗ್ ಏಜೆನ್ಸಿಯಲ್ಲಿ ಕಾಪಿರೈಟರ್ ಕೆಲಸ, ಅಂದರೆ ಜಾಹೀರಾತಿನ ಸಾಲು ಬರೆಯುವ ಕೆಲಸ ಸಿಕ್ಕಿದೆ. ಇರುವುದೇ ಹನ್ನೆರಡು ಜನ. ಹಿಂದೆ ಅಲ್ಲಿದ್ದ ಮೂವರನ್ನು ವಿಚಾರಿಸಿದೆ. ಒಬ್ಬರು ‘ಅಲ್ಲಿ ಕಲಿತಷ್ಟು ಬೇರೆಲ್ಲೂ ಕಲಿತಿಲ್ಲ’ ಅಂದರು. ಇನ್ನೊಬ್ಬರು ‘ಆ ಕಡೆ ತಲೆ ಹಾಕಿಯೂ ಮಲಗಬೇಡಿ’ ಅಂದರು. ಮೂರನೆಯವರು ‘ಜನ ಒಳ್ಳೆಯವರು, ಆದ್ರೆ ಭಾನುವಾರವೂ ಫೋನ್ ಬರುತ್ತೆ’ ಎಂದು ನಕ್ಕರು. ಯಾರ ಮಾತು ನಂಬಲಿ?

ಉತ್ತರ: ಮೂವರದ್ದೂ ನಂಬಿ. ಒಂದೇ ಆಫೀಸಿನಲ್ಲಿ ಕೂತಿದ್ದರೂ ಮೂವರ ಪಾಡು ಒಂದೇ ಆಗಿರಲಿಲ್ಲ, ಅಷ್ಟೇ. ಚಿಕ್ಕ ಏಜೆನ್ಸಿಯಲ್ಲಿ ನಿಮ್ಮ ದಿನ ಹೇಗೆ ಕಳೆಯುತ್ತದೆ ಅನ್ನುವುದನ್ನು ಆಫೀಸಿಗಿಂತ ಜಾಸ್ತಿ ನಿಮ್ಮ ಪಾಲಿಗೆ ಬಂದ ಕ್ಲೈಂಟ್ ತೀರ್ಮಾನ ಮಾಡುತ್ತಾರೆ. ನಾನೂ ಇಂಥ ಕಡೆ ಕೆಲವು ವರ್ಷ ಇದ್ದೆ. ನನ್ನ ಕ್ಲೈಂಟ್ ಸೋಮವಾರ ಬ್ರೀಫ್ (ಏನು ಬೇಕು ಅನ್ನುವ ವಿವರ) ಕೊಟ್ಟರೆ ಗುರುವಾರ ಓಕೆ ಅನ್ನುವವರು. ಸಂಜೆ ಆರಕ್ಕೆ ಬ್ಯಾಗ್ ಎತ್ತುತ್ತಿದ್ದೆ. ಪಕ್ಕದ ಕುರ್ಚಿಯ ಡಿಸೈನರ್‌ಗೆ ಸಿಕ್ಕವರು ಒಂದು ಪೋಸ್ಟರನ್ನು ಹದಿನಾಲ್ಕು ಸಲ ಬದಲಾಯಿಸಿ, ಕೊನೆಗೆ ‘ಮೊದಲನೆಯದ್ದೇ ಚೆನ್ನಾಗಿತ್ತು’ ಅನ್ನುವವರು. ನಮ್ಮಿಬ್ಬರ ಮಾತು ಕೇಳಿದ್ದರೆ ನೀವು ಎರಡು ಬೇರೆ ಬೇರೆ ಕಂಪನಿ ಅಂದುಕೊಳ್ಳುತ್ತಿದ್ದಿರಿ.

ಇದರ ಹಿಂದೆ ದುಡ್ಡಿನ ಲೆಕ್ಕ ಇದೆ. ಹಿಂದೆ ಜಾಹೀರಾತು ಏಜೆನ್ಸಿಗಳಿಗೆ ಪತ್ರಿಕೆ, ಟಿವಿಯವರಿಂದ ಸಾಮಾನ್ಯವಾಗಿ 15% ಕಮಿಷನ್ ಸಿಗುತ್ತಿತ್ತು. ಕ್ಲೈಂಟ್ ಜಾಸ್ತಿ ಜಾಹೀರಾತು ಹಾಕಿದಷ್ಟೂ ಏಜೆನ್ಸಿಗೆ ಲಾಭ. ಈಗಿನ ಚಿಕ್ಕ ಏಜೆನ್ಸಿಗಳು ಬದುಕುವುದು ಹೆಚ್ಚಾಗಿ ತಿಂಗಳ ರಿಟೇನರ್ ಮೇಲೆ, ಅಂದರೆ ತಿಂಗಳು ತಿಂಗಳು ಬರುವ ನಿಗದಿತ ಫೀಸಿನ ಮೇಲೆ, ಇಲ್ಲವೇ ಪ್ರಾಜೆಕ್ಟ್ ಫೀಸಿನ ಮೇಲೆ. ಅಂದರೆ ಅಲ್ಲಿ ಮಾರಾಟವಾಗುವುದು ಕೆಲಸದವರ ಸಮಯ. ತಿಂಗಳಿಗೆ ಎಂಟು ಪೋಸ್ಟ್ ಅಂತ ಮಾತಾಗಿರುತ್ತದೆ, ಕ್ಲೈಂಟ್ ಮೆಲ್ಲಗೆ ‘ಹಾಗೇ ಒಂದು ವಿಡಿಯೋನೂ ಮಾಡಿಬಿಡಿ, ಚಿಕ್ಕದು’ ಅನ್ನುತ್ತಾರೆ, ಇವರು ಕೈತಪ್ಪಿದರೆ ಎಲ್ಲರ ಸಂಬಳಕ್ಕೂ ತೊಂದರೆ ಅಂತ ಮಾಲೀಕರು ಹೂಂ ಅಂದುಬಿಡುತ್ತಾರೆ, ಫೀಸು ಮಾತ್ರ ಅಷ್ಟೇ ಇರುತ್ತದೆ. ಭಾನುವಾರದ ಫೋನ್ ಬರುವುದು ಆ ವಿಡಿಯೋಗೇ.

ಹಾಗಂತ ಮೊದಲನೆಯವರು ಸುಳ್ಳು ಹೇಳಿಲ್ಲ. ದೊಡ್ಡ ಏಜೆನ್ಸಿಯಲ್ಲಿ ಹೊಸ ಕಾಪಿರೈಟರ್‌ಗೆ ಕ್ಲೈಂಟ್ ಮುಖ ಕಾಣಲೇ ತಿಂಗಳುಗಳು ಬೇಕಾಗಬಹುದು. ಇಲ್ಲಿ ನೀವೇ ಸಾಲು ಬರೆದು, ನೀವೇ ಗೂಗಲ್ ಆ್ಯಡ್ಸ್‌ಗೆ ಹಾಕಿ, ಎಷ್ಟು ಕ್ಲಿಕ್ ಬಂತು ಅಂತ ಮರುದಿನ ನೀವೇ ನೋಡುತ್ತೀರಿ. ನಾನು ಎರಡು ದಿನ ತಿದ್ದಿ ತೀಡಿದ ಸಾಲಿಗೆ ಯಾರೂ ತಿರುಗಿ ನೋಡಲಿಲ್ಲ, ಅವಸರದಲ್ಲಿ ಬರೆದ ‘ಇವತ್ತೇ ಡೆಲಿವರಿ’ ಓಡಿತು. ಕಲಿಸಿಕೊಡುವವರು ಯಾರೂ ಇರಲಿಲ್ಲ ಅನ್ನುವುದೂ ನಿಜ. ತಪ್ಪು ಮಾಡಿ ಬೈಸಿಕೊಂಡೇ ಕಲಿತೆ.

ಅಂದ ಹಾಗೆ, ಆ ಮೂವರು ಯಾವಾಗ ಅಲ್ಲಿದ್ದರು ಅಂತ ಕೇಳಿದಿರಾ? ಹನ್ನೆರಡು ಜನರಲ್ಲಿ ಮೂವರು ಬದಲಾದರೆ ಕಾಲುಭಾಗ ಆಫೀಸೇ ಬದಲಾದ ಹಾಗೆ.

ಸೇರುವ ಮುಂಚೆ ಮಾಲೀಕರನ್ನೇ ನೇರವಾಗಿ ಕೇಳಿ. ನನಗಿಂತ ಮೊದಲು ಈ ಜಾಗದಲ್ಲಿ ಯಾರಿದ್ದರು, ಯಾಕೆ ಬಿಟ್ಟರು? ಒಬ್ಬೊಬ್ಬರ ತಲೆ ಮೇಲೆ ಎಷ್ಟು ಕ್ಲೈಂಟ್? ಎಷ್ಟು ಸಲ ತಿದ್ದಿಕೊಡಬೇಕು ಅಂತ ಒಪ್ಪಂದದಲ್ಲಿ ಬರೆದಿದೆಯಾ? ಮುಖ್ಯವಾಗಿ, ಅತಿ ದೊಡ್ಡ ಕ್ಲೈಂಟ್‌ನಿಂದ ಬರುವ ಆದಾಯ ಒಟ್ಟಿನಲ್ಲಿ ಎಷ್ಟು ಪಾಲು? ಅರ್ಧಕ್ಕರ್ಧ ಅಂದರೆ ನಿಜವಾದ ಬಾಸ್ ಆ ಕ್ಲೈಂಟೇ, ಅವರು ಬಿಟ್ಟುಹೋದ ತಿಂಗಳು ಇಬ್ಬರು ಮೂವರ ಕೆಲಸಕ್ಕೂ ಕುತ್ತು ಬರಬಹುದು. ಇದನ್ನೆಲ್ಲ ಕೇಳಿದಾಗ ‘ನಾವೆಲ್ಲ ಒಂದೇ ಕುಟುಂಬ’ ಅಂತ ಮಾತು ತೇಲಿಸಿದರೆ, ನಾನಾಗಿದ್ದರೆ ಬರುವುದಿಲ್ಲ ಅನ್ನುತ್ತಿದ್ದೆ. ಲೆಕ್ಕ ಕೇಳಿದಾಗಲೇ ಕುಟುಂಬ ನೆನಪಾಗುವುದು ಯಾಕೋ!

ಪ್ರಶ್ನೆ: ಎರಡು ವರ್ಷ ಇಂಥ ಏಜೆನ್ಸಿಯಲ್ಲಿದ್ದು ಈಗ ಬಿಡುತ್ತಿದ್ದೇನೆ. ನಾನು ಮಾಡಿದ ಕೆಲಸವನ್ನು ನನ್ನ ಪೋರ್ಟ್‌ಫೋಲಿಯೋದಲ್ಲಿ (ಕೆಲಸ ಕೇಳುವಾಗ ತೋರಿಸುವ ಮಾದರಿಗಳ ಸಂಗ್ರಹದಲ್ಲಿ) ಹಾಕಿಕೊಳ್ಳಬಹುದಾ?

ಉತ್ತರ: ನಿಮ್ಮ ಅಪಾಯಿಂಟ್‌ಮೆಂಟ್ ಪತ್ರ ತೆಗೆದು ಓದಿ. ಸಂಬಳಕ್ಕೆ ಮಾಡಿದ ಕೆಲಸದ ಹಕ್ಕು ಸಾಮಾನ್ಯವಾಗಿ ಏಜೆನ್ಸಿಯದ್ದು ಇಲ್ಲವೇ ಕ್ಲೈಂಟ್‌ನದ್ದು ಆಗಿರುತ್ತದೆ. ಹೊರಗೆ ಬಂದ ಜಾಹೀರಾತು ತೋರಿಸಿಕೊಳ್ಳಲು ಅನುಮತಿ ಕೇಳಿದರೆ ಹೆಚ್ಚಿನವರು ಇಲ್ಲ ಅನ್ನುವುದಿಲ್ಲ, ಒಂದು ಮೇಲ್‌ನಲ್ಲಿ ಒಪ್ಪಿಗೆ ತೆಗೆದುಕೊಳ್ಳಿ, ಅದೂ ಕೊನೆಯ ದಿನಕ್ಕೆ ಮುಂಚೆಯೇ. ಕ್ಲೈಂಟ್ ಎಷ್ಟು ಖರ್ಚು ಮಾಡಿದರು, ಎಷ್ಟು ಮಾರಾಟ ಆಯಿತು ಅನ್ನುವ ಅಂಕಿಗಳನ್ನು ಮಾತ್ರ ಹಾಕಲು ಹೋಗಬೇಡಿ.