ಇನ್ನೊಬ್ಬ ಡಾಕ್ಟರಿಗೆ ತೋರಿಸಬಹುದೇ? (ಸಂಪಾದಕರ ಉತ್ತರ)

ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವ ಓದುಗರಿಗೆ,

ಉಳಿದವರಿಗೂ ವಿಷಯ ತಿಳಿಯಲೆಂದು ನಿಮ್ಮ ಪತ್ರದ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಬೆಕ್ಕು ಪುಟ್ಟಿಗೆ 15 ವರ್ಷ. ಕೆಲವು ತಿಂಗಳಿಂದ ನೀರು ಕುಡಿಯುವುದು ಜಾಸ್ತಿಯಾಗಿದೆ, ಮೈ ಇಳಿದಿದೆ, ತಟ್ಟೆ ಮೂಸಿ ನೋಡಿ ಹಾಗೇ ಹೋಗಿಬಿಡುತ್ತಾಳೆ. ಮರಿಯಾಗಿದ್ದಾಗಿನಿಂದ ನೋಡುತ್ತ ಬಂದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ 3.4 ಬಂತು. ಡ್ರಿಪ್ ಹಾಕಿ, ಕಿಡ್ನಿ ಆಹಾರದ ಪೊಟ್ಟಣ ಕೊಟ್ಟು, ‘ವಯಸ್ಸಾಯ್ತಲ್ಲ, ಇನ್ನು ಇಷ್ಟೇ’ ಎಂದು ಕಳಿಸಿದರು. ಆ ಆಹಾರವನ್ನು ಅವಳು ಮುಟ್ಟುತ್ತಿಲ್ಲ. ಇನ್ನೊಬ್ಬರಿಗೆ ತೋರಿಸಿದರೆ ಇಷ್ಟು ವರ್ಷ ನೋಡಿದವರಿಗೆ ಅವಮಾನವಾಗುತ್ತದೆಯೇ, ತೋರಿಸಿದರೂ ಪ್ರಯೋಜನ ಇದೆಯೇ, ಬೆಕ್ಕಿನ ಕಿಡ್ನಿಗೆ ಜಪಾನಿನಲ್ಲಿ ಇಂಜೆಕ್ಷನ್ ಬರುತ್ತಿದೆ ಎಂಬ ಸುದ್ದಿ ನಿಜವೇ, ಮನೆಯವರು ಅನ್ನುವ ಹಾಗೆ ಒಂದು ಬೆಕ್ಕಿಗೆ ಇಷ್ಟೆಲ್ಲ ಬೇಕೇ ಎಂದು ಕೇಳಿದ್ದೀರಿ.

ತೋರಿಸಿ. ಅದರಲ್ಲಿ ಅವಮಾನದ ಮಾತೇ ಇಲ್ಲ. ಎರಡನೆಯ ಅಭಿಪ್ರಾಯ ಕೇಳುವುದು ಮನುಷ್ಯರ ವೈದ್ಯದಲ್ಲಿ ಹೇಗೆ ಮಾಮೂಲೋ ಪಶುವೈದ್ಯದಲ್ಲೂ ಹಾಗೇ. ಕದ್ದುಮುಚ್ಚಿ ಹೋಗುವುದಕ್ಕಿಂತ ಹಳೆಯ ಡಾಕ್ಟರಿಗೇ ಹೇಳಿ: ‘ಕಿಡ್ನಿ ವಿಷಯದಲ್ಲಿ ಇನ್ನೊಬ್ಬರನ್ನೂ ಕೇಳೋಣ ಅಂತಿದ್ದೇವೆ, ಇಲ್ಲಿಯವರೆಗಿನ ರಿಪೋರ್ಟುಗಳನ್ನು ಕೊಡ್ತೀರಾ?’ ಬಹಳಷ್ಟು ಡಾಕ್ಟರು ಕೊಡುತ್ತಾರೆ, ಯಾರ ಹತ್ತಿರ ಹೋಗಬಹುದು ಎಂದೂ ಹೇಳುತ್ತಾರೆ. ಕೇಳಿದ್ದಕ್ಕೇ ಮುಖ ಗಂಟು ಹಾಕಿಕೊಂಡರೆ ನಿಮ್ಮ ಸಂಕೋಚ ಅಲ್ಲಿಗೇ ಮುಗಿಯಿತು ಅಂದುಕೊಳ್ಳಿ. ಹುಡುಕುವಾಗ ಆಸ್ಪತ್ರೆಯ ಗಾತ್ರ ನೋಡಬೇಡಿ. ಬೆಕ್ಕುಗಳನ್ನೇ ಹೆಚ್ಚಾಗಿ ನೋಡುವವರು, ಇಲ್ಲವೇ ಪಶುಗಳ ಆಂತರಿಕ ಕಾಯಿಲೆಗಳಲ್ಲಿ ವಿಶೇಷ ತರಬೇತಿ ಪಡೆದವರು ಸಿಕ್ಕರೆ ಒಳ್ಳೆಯದು. ಫೋನಿನಲ್ಲೇ ‘ಬೆಕ್ಕಿನ ಬಿಪಿ ನೋಡುತ್ತೀರಾ’ ಎಂದು ಕೇಳಿನೋಡಿ. ಈ ಒಂದು ಪ್ರಶ್ನೆಯಿಂದಲೇ ಬಹಳಷ್ಟು ತಿಳಿಯುತ್ತದೆ.

ಈಗ ಆ 3.4ರ ವಿಷಯ. ಪ್ರಾಣಿಗಳ ಕಿಡ್ನಿ ತಜ್ಞರು 1998ರಲ್ಲಿ ಕಟ್ಟಿಕೊಂಡ ಐರಿಸ್ ಎಂಬ ಅಂತರರಾಷ್ಟ್ರೀಯ ಬಳಗವೊಂದಿದೆ. ಅವರು ಈ ಕಾಯಿಲೆಯನ್ನು ನಾಲ್ಕು ಹಂತವಾಗಿ ವಿಂಗಡಿಸಿದ್ದಾರೆ. ಬೆಕ್ಕಿಗೆ ಕ್ರಿಯಾಟಿನಿನ್ 1.6ರಿಂದ 2.8ರವರೆಗೆ ಎರಡನೆಯ ಹಂತ, 2.9ರಿಂದ 5.0 ಮೂರನೆಯದು, ಅದಕ್ಕೂ ಮೇಲೆ ನಾಲ್ಕನೆಯದು. ಹಾಗೆ ನೋಡಿದರೆ ಪುಟ್ಟಿ ಮೂರರಲ್ಲಿದ್ದಾಳೆ. ಆದರೆ ಹಂತ ನಿರ್ಧಾರ ಮಾಡಬೇಕಾದದ್ದು ಮೈಯಲ್ಲಿ ನೀರಿನಂಶ ಸರಿಯಿದ್ದಾಗ, ಅದೂ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಮಾಡಿ ಎಂದು ಅದೇ ಬಳಗ ಹೇಳುತ್ತದೆ. ಪುಟ್ಟಿಯ ರಕ್ತ ತೆಗೆದದ್ದು ಊಟ ಬಿಟ್ಟು ಒಣಗಿಹೋಗಿದ್ದಾಗ, ಡ್ರಿಪ್ ಹಾಕುವುದಕ್ಕೆ ಮೊದಲು. ಡ್ರಿಪ್ ಆದ ಮೇಲೆ ಮತ್ತೆ ಯಾರೂ ನೋಡಿಲ್ಲ. ಅದು 2.5ಕ್ಕೆ ಇಳಿದಿರಲೂಬಹುದು. ಇನ್ನೊಂದು ಕಡೆ, ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಿಂದ. ಬೆನ್ನುಮೂಳೆ ಕೈಗೆ ಸಿಗುವಷ್ಟು ಸೊರಗಿದ ಬೆಕ್ಕಿನಲ್ಲಿ ಅದು ಇರಬೇಕಾದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಅದಕ್ಕೇ ಈಗ ಎಸ್‌ಡಿಎಂಎ ಎಂಬ ಇನ್ನೊಂದು ರಕ್ತ ಪರೀಕ್ಷೆಯನ್ನೂ ಜೊತೆಗೆ ಮಾಡಿಸುತ್ತಾರೆ. ಅದು ಸ್ನಾಯುವಿನ ಮೇಲೆ ಅಷ್ಟಾಗಿ ನಿಂತಿಲ್ಲ, ಏರುಪೇರನ್ನು ಬೇಗ ತೋರಿಸುತ್ತದೆ. ಕ್ರಿಯಾಟಿನಿನ್ ಮಿತಿ ದಾಟುವ ಹೊತ್ತಿಗೆ ಕಿಡ್ನಿಯ ಕೆಲಸದಲ್ಲಿ ಸುಮಾರು ಮುಕ್ಕಾಲು ಪಾಲು ಹೋಗಿರುತ್ತದೆ. ಒಟ್ಟಿನಲ್ಲಿ ಒಂದೇ ಒಂದು ಅಂಕಿ ನೋಡಿ ‘ಇನ್ನು ಇಷ್ಟೇ’ ಎಂದದ್ದು ಆತುರ. ಎರಡನೆಯ ಹಂತದಲ್ಲಿ ಪತ್ತೆಯಾದ ಬೆಕ್ಕುಗಳು ವರ್ಷಗಟ್ಟಲೆ ಬಾಳುವುದು ಮಾಮೂಲು. ಮೂರನೆಯದರಲ್ಲೂ ಒಂದೆರಡು ವರ್ಷ ಅಪರೂಪವಲ್ಲ. ನಾಲ್ಕನೆಯದಕ್ಕೆ ಬಂದಾಗ ಲೆಕ್ಕ ತಿಂಗಳಿಗಿಳಿಯುತ್ತದೆ.

ಹೋದ ಕಿಡ್ನಿ ಮರಳಿ ಬರುವುದಿಲ್ಲ, ಅದು ನಿಜ. ಆದರೆ ಹಳೆಯ ಕಾಯಿಲೆಯ ಮೇಲೆ ಹೊಸದೊಂದು ಕೂತಿದ್ದರೆ ಆ ಹೊಸದನ್ನು ಹಲವು ಸಲ ಇಳಿಸಬಹುದು. ಉತ್ತಮ ಚಿಕಿತ್ಸೆ ಎಂದು ನೀವು ಹುಡುಕುತ್ತಿರುವುದು ಇದನ್ನೇ: ಸರಿಪಡಿಸಬಹುದಾದದ್ದು ಏನಾದರೂ ಇದೆಯೇ ಎಂದು ಯಾರಾದರೂ ಕೂತು ಹುಡುಕಬೇಕು.

ನಿಮ್ಮ ಪತ್ರದ ಮೂರನೆಯ ಪುಟದಲ್ಲಿ, ಬೇರೇನೋ ಹೇಳುವ ನಡುವೆ ಒಂದು ಸಾಲು ಬರೆದಿದ್ದೀರಿ. ‘ಈಚೆಗೆ ತಲೆ ತಗ್ಗಿಸಿಕೊಂಡೇ ನಡೆಯುತ್ತಾಳೆ, ಮೇಲೆ ನೋಡಬೇಕಾದರೂ ಕತ್ತು ಎತ್ತದೆ ಕಣ್ಣನ್ನಷ್ಟೇ ಎತ್ತುತ್ತಾಳೆ, ಬೇಜಾರಾಗಿರಬೇಕು’ ಎಂದು. ಅದು ಬೇಜಾರೇ ಆಗಿರಬೇಕೆಂದಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾದಾಗ ಬೆಕ್ಕಿನ ಕತ್ತಿನ ಸ್ನಾಯುಗಳು ಸೋತು ಗಲ್ಲ ಎದೆಯ ಕಡೆಗೆ ಇಳಿಯುತ್ತದೆ. ಕಿಡ್ನಿ ಕಾಯಿಲೆಯ ಬೆಕ್ಕುಗಳು ಮೂತ್ರದಲ್ಲಿ ಪೊಟ್ಯಾಸಿಯಂ ಕಳೆದುಕೊಳ್ಳುತ್ತವೆ, ಊಟವೂ ಬಿಟ್ಟಾಗ ಅದು ಇನ್ನಷ್ಟು ಕುಸಿಯುತ್ತದೆ. ನೀವು ಕಳಿಸಿದ ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಸಾಲೇ ಇಲ್ಲ. ಅದೇ ಕಾರಣವಾಗಿದ್ದರೆ ಬಾಯಿಂದ ಕೊಡುವ ಔಷಧಿಯಲ್ಲೇ ಕೆಲವು ದಿನಗಳಲ್ಲಿ ಕತ್ತು ಮೇಲೇಳುವುದುಂಟು. ನೀವಾಗಿಯೇ ತಂದು ಕೊಡಬೇಡಿ, ಹೆಚ್ಚಾದರೆ ಹೃದಯಕ್ಕೇ ಪೆಟ್ಟು. ಆದರೆ ಈ ಸಾಲಿಗೋಸ್ಕರವಾದರೂ ಈ ವಾರವೇ ಹೊರಡಿ. ಪತ್ರಿಕೆ ಕೈಗೆ ಬರುವವರೆಗೆ ಕಾಯಬಾರದೆಂದು ಇಷ್ಟನ್ನು ನಿಮಗೆ ಮೊದಲೇ ತಿಳಿಸಿದ್ದೇವೆ.

ಹೊಸ ಡಾಕ್ಟರ ಹತ್ತಿರ ಕೇಳಬೇಕಾದ್ದರಲ್ಲಿ ಮೂತ್ರ ಪರೀಕ್ಷೆ ಮೊದಲನೆಯದು. ಇದನ್ನು ಬಿಟ್ಟು ಕಿಡ್ನಿಯ ಬಗ್ಗೆ ಮಾತಾಡುವುದೇ ಕಷ್ಟ. ಆರೋಗ್ಯವಾಗಿರುವ ಬೆಕ್ಕು ಮೂತ್ರವನ್ನು ಗಟ್ಟಿ ಮಾಡಿ ಬಿಡುತ್ತದೆ, ಅದರ ಸಾಂದ್ರತೆ ಸಾಮಾನ್ಯವಾಗಿ 1.035 ದಾಟುತ್ತದೆ. ಕಿಡ್ನಿ ಸೋತಾಗ ತೆಳ್ಳಗಾಗುತ್ತದೆ. ಆ ತೆಳು ಮೂತ್ರದಲ್ಲಿ ಸೋಂಕು ಸದ್ದಿಲ್ಲದೆ ಬೆಳೆಯಬಹುದು, ತಿಣುಕುವುದು, ನೋವು ಯಾವುದೂ ಕಾಣದೆ ಇರಬಹುದು. ಅದಕ್ಕೆ ಹೊಟ್ಟೆಯ ಮೂಲಕ ಸಣ್ಣ ಸೂಜಿಯಲ್ಲಿ ನೇರ ಮೂತ್ರಕೋಶದಿಂದಲೇ ಮಾದರಿ ತೆಗೆದು ಕಲ್ಚರಿಗೆ, ಅಂದರೆ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆಗೆ ಹಾಕುತ್ತಾರೆ. ಕೇಳಿದರೆ ಭಯವಾಗುತ್ತದೆ, ಬೆಕ್ಕಿಗೆ ಅದು ರಕ್ತ ತೆಗೆಸಿಕೊಳ್ಳುವುದಕ್ಕಿಂತ ಹೆಚ್ಚಿನ ತ್ರಾಸವಲ್ಲ. ಅದರಲ್ಲೇ ಪ್ರೊಟೀನ್ ಸೋರಿಕೆಯನ್ನೂ ಅಳೆಯಬಹುದು. ಪ್ರೊಟೀನ್-ಕ್ರಿಯಾಟಿನಿನ್ ಅನುಪಾತ 0.4 ಮೀರಿದರೆ ಸೋರಿಕೆ ತಗ್ಗಿಸಲು ಟೆಲ್ಮಿಸಾರ್ಟನ್ ಅಥವಾ ಬೆನಾಜೆಪ್ರಿಲ್ ಥರದ ಔಷಧಿ ಯೋಚಿಸುತ್ತಾರೆ.

ಆಮೇಲೆ ಹೊಟ್ಟೆಯ ಸ್ಕ್ಯಾನಿಂಗ್. ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ನಾಳ ಬೆಕ್ಕಿನಲ್ಲಿ ಒಳಗೆ ಅರ್ಧ ಮಿಲಿಮೀಟರಿನಷ್ಟೂ ಅಗಲವಿರುವುದಿಲ್ಲ. ಮರಳಿನ ಕಾಳಿನಂಥ ಕಲ್ಲು ಸಾಕು, ಅಡ್ಡ ನಿಂತುಬಿಡುತ್ತದೆ. ಅಂಥ ಬೆಕ್ಕಿಗೆ ಬರೀ ಡ್ರಿಪ್ ಹಾಕುತ್ತ ಕೂತರೆ ಕಾಲ ಕಳೆದಂತೆ ಅಷ್ಟೇ. ತಡೆ ತೆಗೆಯಬೇಕು, ಇಲ್ಲವೇ ಸಣ್ಣ ಕೊಳವೆ ಜೋಡಿಸಿ ಬಳಸುದಾರಿ ಮಾಡಬೇಕು. ಇದು ಎಲ್ಲ ಕಡೆ ಆಗುವ ಕೆಲಸವಲ್ಲ, ಎಲ್ಲ ಬೆಕ್ಕಿಗೆ ಬೇಕಾದದ್ದೂ ಅಲ್ಲ. ಆದರೆ ಕಲ್ಲು ಇಲ್ಲ ಎಂದು ಖಚಿತವಾಗುವುದೇ ಒಂದು ಸಮಾಧಾನ. ಥೈರಾಯ್ಡ್ ಕೂಡ ನೋಡಿಸಿ. ಮುದಿ ಬೆಕ್ಕಿನಲ್ಲಿ ಅದು ಜಾಸ್ತಿಯಾದರೂ ಮೈ ಇಳಿಯುತ್ತದೆ, ಬಾಯಾರಿಕೆ ಹೆಚ್ಚುತ್ತದೆ. ಎರಡೂ ಒಟ್ಟಿಗೆ ಇದ್ದರೆ ಒಂದು ಇನ್ನೊಂದನ್ನು ಮರೆಮಾಡುತ್ತದೆ.

ಬಿಪಿ ಎಂದೆನಲ್ಲ, ಅದನ್ನು ನೋಡುವ ಕ್ರಮವೇ ಡಾಕ್ಟರ ತಾಳ್ಮೆಗೆ ಪರೀಕ್ಷೆ. ಬಂದ ತಕ್ಷಣ ಹಿಡಿದು ಅಳೆಯುವಂತಿಲ್ಲ. ಬುಟ್ಟಿಯ ಮುಚ್ಚಳ ತೆಗೆದು, ನಾಯಿಗಳ ಸದ್ದು ಕೇಳದ ಕೋಣೆಯಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಮುಂಗಾಲಿಗೋ ಬಾಲದ ಬುಡಕ್ಕೋ ಸಣ್ಣ ಪಟ್ಟಿ ಸುತ್ತಿ, ಮೊದಲ ಓದನ್ನು ಬಿಟ್ಟು ನಂತರದ ಐದಾರರ ಸರಾಸರಿ ತೆಗೆಯುತ್ತಾರೆ. ರಕ್ತ ತೆಗೆಯುವುದು ಇದಾದ ಮೇಲೆ. ಮೇಲಿನ ಅಂಕಿ ಪದೇ ಪದೇ 160 ಮೀರಿದರೆ ಚಿಕಿತ್ಸೆ ಬೇಕು. ಬಿಡುವಂತಿಲ್ಲ ಯಾಕೆಂದರೆ, ನಿನ್ನೆವರೆಗೆ ಸರಿಯಿದ್ದ ಬೆಕ್ಕು ಒಂದು ಬೆಳಿಗ್ಗೆ ಎದ್ದು ಗೋಡೆಗೆ ಢಿಕ್ಕಿ ಹೊಡೆಯುತ್ತದೆ, ಕಣ್ಣಿನ ಒಳಪರದೆ ಕಳಚಿಕೊಂಡಿರುತ್ತದೆ. ಆಮ್ಲೋಡಿಪಿನ್ ಎಂಬ ಹಳೆಯ, ಸಾಧಾರಣ ಮಾತ್ರೆಯ ಚೂರು ದಿನಕ್ಕೊಮ್ಮೆ ಕೊಟ್ಟರೆ ಬಹಳಷ್ಟು ಬೆಕ್ಕುಗಳಲ್ಲಿ ಬಿಪಿ ಹಿಡಿತಕ್ಕೆ ಬರುತ್ತದೆ.

ಪ್ರಯಾಣವೇ ಅವಳಿಗೆ ಶಿಕ್ಷೆ ಎಂದಿದ್ದೀರಿ. ಮೇಲಿನಿಂದ ತೆರೆಯುವ ಬುಟ್ಟಿಯನ್ನು ಇವತ್ತಿನಿಂದಲೇ ಅವಳು ಮಲಗುವ ಜಾಗದಲ್ಲಿ ಇಟ್ಟಿರಿ, ಹಳೆಯ ಹೊದಿಕೆ ಒಳಗಿರಲಿ. ಹೊರಡುವ ಮುಂಚೆ ಕೊಡುವ ಗ್ಯಾಬಪೆಂಟಿನ್ ಎಂಬ ಶಮನಕಾರಿಯ ಬಗ್ಗೆ ಡಾಕ್ಟರನ್ನು ಫೋನಿನಲ್ಲೇ ಕೇಳಬಹುದು, ಆದರೆ ಕಿಡ್ನಿ ಕಾಯಿಲೆ ಇದೆ ಎಂದು ಹೇಳಲು ಮರೆಯಬೇಡಿ. ಅದು ಮೈಯಿಂದ ಹೊರಹೋಗುವುದು ಕಿಡ್ನಿಯ ಮೂಲಕವೇ, ಪ್ರಮಾಣ ತಗ್ಗಿಸಬೇಕಾಗುತ್ತದೆ. ಕತ್ತು ತಗ್ಗಿಸಿ ನಡೆಯುವುದನ್ನು ಮೊಬೈಲಿನಲ್ಲಿ ಹಿಡಿದುಕೊಳ್ಳಿ. ಡಾಕ್ಟರ ಮೇಜಿನ ಮೇಲೆ ಬೆಕ್ಕು ತನ್ನ ಕಷ್ಟ ತೋರಿಸುವುದಿಲ್ಲ, ಕಾಯಿಲೆ ಬಚ್ಚಿಡುವುದರಲ್ಲಿ ಅದನ್ನು ಮೀರಿಸುವ ಸಾಕುಪ್ರಾಣಿ ಇಲ್ಲ.

ಆಹಾರದ ವಿಷಯದಲ್ಲಿ ಮನೆಮನೆಯಲ್ಲೂ ನಡೆಯುವ ಎಡವಟ್ಟು ಒಂದೇ. ವಾಕರಿಕೆ ಇರುವಾಗಲೇ ಹೊಸ ಆಹಾರ ಇಡುತ್ತಾರೆ. ಬೆಕ್ಕು ಆ ವಾಸನೆಯನ್ನೂ ಆ ಸಂಕಟವನ್ನೂ ಗಂಟುಹಾಕಿಕೊಂಡು ಮತ್ತೆಂದೂ ಅದನ್ನು ಮೂಸುವುದಿಲ್ಲ. ಮೊದಲು ವಾಕರಿಕೆ ನಿಲ್ಲಬೇಕು, ಅದಕ್ಕೆ ಮಾರೊಪಿಟೆಂಟ್ ಇದೆ. ಹಸಿವು ಹುಟ್ಟಿಸಲು ಮಿರ್ಟಾಜಪಿನ್ ಇದೆ, ಮಾತ್ರೆ ನುಂಗದ ಬೆಕ್ಕಿಗೆ ಕಿವಿಯ ಒಳಬದಿಗೆ ಸವರುವ ಮುಲಾಮಾಗಿಯೂ ಬಂದಿದೆ. ಹೊಟ್ಟೆಗೆ ಬೀಳತೊಡಗಿದ ಮೇಲೆ ಹಳೆಯ ಆಹಾರದ ಪಕ್ಕದಲ್ಲಿ ಕಿಡ್ನಿ ಆಹಾರ ಒಂದು ಚಮಚ, ಹೀಗೆ ವಾರಗಳ ಮೇಲೆ ವಾರ ತೆಗೆದುಕೊಂಡು ಬದಲಿಸಬೇಕು. ಆ ಆಹಾರದಿಂದ ಆಯುಸ್ಸು ಹೆಚ್ಚುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ, ಮುಖ್ಯ ಕಾರಣ ಅದರಲ್ಲಿ ರಂಜಕ (ಫಾಸ್ಫರಸ್) ಕಡಿಮೆ ಇರುವುದು. ಏನು ಮಾಡಿದರೂ ತಿನ್ನುವುದಿಲ್ಲ ಎಂದರೆ ಹಟ ಬೇಡ. ಹಸಿದಿರುವುದಕ್ಕಿಂತ ಹಳೆಯ ಆಹಾರವೇ ಮೇಲು. ಅದರ ಜೊತೆ ರಂಜಕವನ್ನು ಕರುಳಿನಲ್ಲೇ ಕಟ್ಟಿಹಾಕುವ ಪುಡಿ ಬೆರೆಸುವ ದಾರಿಯಿದೆ, ಊಟದಲ್ಲಿ ಬೆರೆತರೆ ಮಾತ್ರ ಅದು ಕೆಲಸ ಮಾಡುತ್ತದೆ. ಮೂರನೆಯ ಹಂತದಲ್ಲಿ ರಕ್ತದ ರಂಜಕ 5.0ರ ಒಳಗಿರಲಿ ಎನ್ನುವುದು ಗುರಿ.

ಚರ್ಮದಡಿ ದ್ರವ ಕೊಡುವುದನ್ನು ಮನೆಯಲ್ಲೇ ಕಲಿಯಬಹುದೇ ಎಂದಿದ್ದೀರಿ. ಕಲಿಯಬಹುದು. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಮೈ ಬಿಸಿಗೆ ತಂದು, ಭುಜಗಳ ನಡುವಿನ ಸಡಿಲ ಚರ್ಮವನ್ನು ಎತ್ತಿ ಹಿಡಿದು, ಆ ಮಡಿಕೆಯ ಬುಡಕ್ಕೆ ಸೂಜಿ ಹಾಕುತ್ತಾರೆ. ಅಲ್ಲಿ ಎದ್ದ ಉಬ್ಬು ನಿಧಾನವಾಗಿ ಒಂದು ಮುಂಗಾಲಿನ ಕಡೆಗೆ ಜಾರುತ್ತದೆ, ಗಾಬರಿ ಬೇಡ, ಕೆಲವು ಗಂಟೆಗಳಲ್ಲಿ ಕರಗುತ್ತದೆ. ಮೊದಲ ಸಲ ಡಾಕ್ಟರ ಎದುರಿಗೇ ನಿಮ್ಮ ಕೈಯಿಂದ ಮಾಡಿ ನೋಡಿ. ಆದರೆ ಇದು ಪದೇ ಪದೇ ಒಣಗುವ ಬೆಕ್ಕಿಗೆ ಮಾತ್ರ. ಚೆನ್ನಾಗಿ ನೀರು ಕುಡಿದು ತಿನ್ನುತ್ತಿರುವುದಕ್ಕೆ ಬೇಡ, ಹೃದಯದ ತೊಂದರೆ ಇದ್ದರೆ ಅಪಾಯವೂ ಹೌದು. ಉಸಿರು ಜೋರಾದರೆ ತಕ್ಷಣ ನಿಲ್ಲಿಸಿ ಫೋನ್ ಮಾಡಬೇಕು.

ಜಪಾನಿನ ಸುದ್ದಿಗೆ ಬುಡವಿದೆ. ತೋರು ಮಿಯಾಜಾಕಿ ಎಂಬ ವಿಜ್ಞಾನಿ, ಬೆಕ್ಕಿನ ರಕ್ತದಲ್ಲಿ ಎಐಎಂ ಎಂಬ ಪ್ರೊಟೀನ್ ಇದ್ದೂ ಕಿಡ್ನಿಯ ಕಸ ತೆಗೆಯುವ ಕೆಲಸಕ್ಕೆ ಬರುವುದಿಲ್ಲ ಎಂದು 2016ರಲ್ಲಿ ಪ್ರಕಟಿಸಿದರು. ಆ ಪ್ರೊಟೀನನ್ನೇ ಇಂಜೆಕ್ಷನ್ ಆಗಿ ಕೊಡುವ ಔಷಧಿಯ ಕೆಲಸ ಹಣವಿಲ್ಲದೆ ನಿಂತ ಸುದ್ದಿ 2021ರಲ್ಲಿ ಹರಡಿದಾಗ ಬೆಕ್ಕು ಸಾಕುವವರಿಂದ ದೇಣಿಗೆ ಹರಿದುಬಂತು. ಆಸಕ್ತಿಯ ವಿಷಯ, ಗಮನವಿಡಿ. ಆದರೆ ಇವತ್ತಿನ ಚಿಕಿತ್ಸೆಯನ್ನು ಅದಕ್ಕಾಗಿ ಮುಂದೂಡಬೇಡಿ. ‘ತರಿಸಿಕೊಡುತ್ತೇವೆ’ ಎನ್ನುವ ಅಪರಿಚಿತರಿಗೆ ದುಡ್ಡು ಕಳಿಸಲೇಬೇಡಿ. ಕಿಡ್ನಿ ಕಸಿ 1987ರಿಂದಲೂ ಬೆಕ್ಕಿನಲ್ಲಿ ನಡೆದಿದೆ, ಕೆಲವೇ ಕೆಲವು ಕಡೆ. 15ರ ಬೆಕ್ಕಿಗೆ ನಾನಂತೂ ಅದರ ಕನಸು ಕಾಣಲಾರೆ. ಪರಿಚಯದವರು ಹೇಳಿದ ನೋವಿನ ಮಾತ್ರೆಯನ್ನು ಎಸೆದುಬಿಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದು ಮಾತ್ರೆಯೇ ಜೀವ ತೆಗೆಯಬಲ್ಲದು.

ಮನೆಯವರ ಮಾತನ್ನು ನಾನು ಅಷ್ಟು ಸುಲಭವಾಗಿ ತಳ್ಳಿಹಾಕುವುದಿಲ್ಲ. ಖರ್ಚಿಗೆ ಮಿತಿ ಇರುವುದು ತಪ್ಪಲ್ಲ, ಅದನ್ನು ಡಾಕ್ಟರಿಗೆ ಮೊದಲೇ ಬಾಯಿಬಿಟ್ಟು ಹೇಳಿ: ‘ಇಷ್ಟರೊಳಗೆ ಯಾವುದು ಮೊದಲು, ಯಾವುದನ್ನು ಬಿಡಬಹುದು?’ ನನ್ನನ್ನು ಕೇಳಿದರೆ ಪೂರ್ತಿ ರಕ್ತ ಪರೀಕ್ಷೆ, ಮೂತ್ರ ಮತ್ತು ಬಿಪಿ ಮೊದಲು, ಸ್ಕ್ಯಾನಿಂಗ್ ಆಮೇಲೆ. ಪುಟ್ಟಿಯ ಕಡೆಯಿಂದಲೂ ಮಿತಿಯಿದೆ. ದಿನಕ್ಕೆ ನಾಲ್ಕು ಔಷಧಿ, ಒಂದು ಸೂಜಿ ಆಗಿ, ನಿಮ್ಮ ಹೆಜ್ಜೆ ಸದ್ದಿಗೇ ಅವಳು ಮಂಚದಡಿ ಸೇರುವಂತಾದರೆ ಯಾವುದನ್ನು ಕೈಬಿಡಬಹುದು ಎಂದು ಕೇಳುವುದು ನಿಮ್ಮ ಹಕ್ಕು. ಚಿಕಿತ್ಸೆ ಮಾಡಿಯೂ ತಿನ್ನದೆ, ಮೈ ನೆಕ್ಕಿಕೊಳ್ಳುವುದನ್ನೂ ಬಿಟ್ಟು, ಒಳ್ಳೆಯ ದಿನಗಳಿಗಿಂತ ಕೆಟ್ಟ ದಿನಗಳೇ ಹೆಚ್ಚಾದಾಗ ದಯಾಮರಣದ ಮಾತು ಬರುತ್ತದೆ. ಆಗ ಏನು ಮಾಡುತ್ತಾರೆ, ಮನೆಗೆ ಬರುತ್ತಾರೆಯೇ ಎಂಬುದನ್ನು ಈಗಲೇ, ತಲೆ ತಣ್ಣಗಿರುವಾಗ ಕೇಳಿಟ್ಟುಕೊಳ್ಳಿ. ಈಗಿನ ವಿವರ ನೋಡಿದರೆ ಅವಳು ಆ ಜಾಗಕ್ಕೆ ಬಂದಿದ್ದಾಳೆ ಎಂದು ನನಗೆ ಅನ್ನಿಸುವುದಿಲ್ಲ.

ಮೂತ್ರದ ಕಲ್ಚರ್ ರಿಪೋರ್ಟ್ ಬರಲು ಕೆಲವು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಪ್ರತಿ ವಾರ ಅದೇ ದಿನ, ಅದೇ ತಕ್ಕಡಿಯಲ್ಲಿ ಅವಳ ತೂಕ ನೋಡಿ ಬರೆದಿಡಿ. ಪೊಟ್ಯಾಸಿಯಂ ಎಷ್ಟು ಬಂತೆಂದು ನನಗೂ ಒಂದು ಸಾಲು ಬರೆಯಿರಿ.